ಸಾಲು ಸಾಲಿಗೂ ಶಿಲ್ಕು: ರನ್ನಿಂಗ್ ಟೋಟಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಟೇಬಲ್‌ನ ಪ್ರತಿ ಸಾಲಿನ ಪಕ್ಕದಲ್ಲಿ ಅಲ್ಲಿಯವರೆಗಿನ ಒಟ್ಟು ಮೊತ್ತ, ಅಂದರೆ ರನ್ನಿಂಗ್ ಟೋಟಲ್, ಬರಬೇಕು, ಅದನ್ನು ವೆಬ್ ಫ್ರೇಮ್‌ವರ್ಕ್ ಮೂಲಕ ಡೇಟಾಬೇಸ್‌ನಿಂದಲೇ ಹೇಗೆ ತರಿಸುವುದು ಅನ್ನುವುದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದನ್ನೇ ಎತ್ತಿಕೊಂಡಿದ್ದೇನೆ. ಕೋಡನ್ನು ಬಾಯಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಅದರ ಮೂಲ ರೂಪದಲ್ಲಿ ಹಾಕಿಕೊಳ್ಳಿ.

ಪ್ರಶ್ನೆ: ಜ್ಯಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಜಮಾ-ಖರ್ಚಿನ ಪುಟ ಮಾಡಿದ್ದೇನೆ. ಪ್ರತಿ ನಮೂದಿನ ಮುಂದೆ ಶಿಲ್ಕು ತೋರಿಸಬೇಕು. ಈಗ ಟೆಂಪ್ಲೇಟ್‌ನಲ್ಲಿ ಲೂಪ್ ಓಡುವಾಗ ಪ್ರತಿ ಸಾಲಿಗೂ 'ಇಲ್ಲಿಯವರೆಗಿನ ಮೊತ್ತ ಎಷ್ಟು' ಅಂತ ಡೇಟಾಬೇಸ್‌ಗೆ ಬೇರೆ ಕ್ವೆರಿ (ಕೋರಿಕೆ) ಹೋಗುತ್ತಿದೆ. ನೂರು ಸಾಲಿದ್ದಾಗ ಚೆನ್ನಾಗಿತ್ತು, ಈಗ ಪುಟ ತೆರೆಯುವುದೇ ಇಲ್ಲ. ಒಂದೇ ಕ್ವೆರಿಯಲ್ಲಿ ಆಗುತ್ತದಾ?

ಆಗುತ್ತದೆ, ಮತ್ತು ಹಾಗೇ ಮಾಡಬೇಕು. ಮೊದಲು ಈಗ ಏನಾಗುತ್ತಿದೆ ನೋಡಿ. ಒಂದನೇ ಸಾಲಿಗೆ ಡೇಟಾಬೇಸ್ ಒಂದು ಸಾಲು ಓದುತ್ತದೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಹೀಗೆ ಹತ್ತು ಸಾವಿರ ಸಾಲಿಗೆ ಬರುವಷ್ಟರಲ್ಲಿ ಒಟ್ಟು 5,00,05,000 ಸಲ ಸಾಲು ಓದಿರುತ್ತದೆ. ಅದರ ಜೊತೆಗೆ ಹತ್ತು ಸಾವಿರ ಸಲ ಸರ್ವರ್‌ಗೂ ಡೇಟಾಬೇಸ್‌ಗೂ ನಡುವೆ ಓಡಾಟ. ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ) ಮತ್ತು ಅದರಿಂದ ಹೊರಗಿನ ಸಾಲನ್ನು ತೋರಿಸುವ ಔಟರ್‌ರೆಫ್ ಹಾಕಿ ಇದನ್ನು ಒಂದೇ ಕ್ವೆರಿ ಮಾಡಬಹುದು ಅಂತ ಕೆಲವರು ಹೇಳಿರಬಹುದು. ಹಾಗೆ ಮಾಡಿದರೆ ಓಡಾಟ ಉಳಿಯುತ್ತದೆ, ಆದರೆ ಐದು ಕೋಟಿ ಓದು ಹಾಗೇ ಇರುತ್ತದೆ. ಕೆಲಸ ಜಾಗ ಬದಲಾಯಿಸಿತು ಅಷ್ಟೇ.

ನಿಮಗೆ ಬೇಕಾಗಿರುವುದು ವಿಂಡೋ ಫಂಕ್ಷನ್. ಮಾಮೂಲಿ 'ಸಮ್' ಏನು ಮಾಡುತ್ತದೆ? 'ಗ್ರೂಪ್ ಬೈ' ಜೊತೆ ಸೇರಿ ಹತ್ತು ಸಾಲನ್ನು ಒಂದು ಸಾಲಾಗಿ ಮಡಚಿಬಿಡುತ್ತದೆ. ಅದೇ 'ಸಮ್' ಮುಂದೆ 'ಓವರ್' ಬಂದರೆ ಸಾಲುಗಳು ಮಡಚುವುದಿಲ್ಲ. ಹತ್ತೂ ಸಾಲು ಹಾಗೇ ಉಳಿಯುತ್ತವೆ, ಪ್ರತಿಯೊಂದಕ್ಕೂ ಅದರ ಲೆಕ್ಕ ಪಕ್ಕದಲ್ಲಿ ಬಂದು ಕೂರುತ್ತದೆ. ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಅದು ಹೀಗಿರುತ್ತದೆ:

ಸಮ್(ಮೊತ್ತ) ಓವರ್ (ಪಾರ್ಟಿಷನ್ ಬೈ ಖಾತೆ ಆರ್ಡರ್ ಬೈ ದಿನಾಂಕ, ಐಡಿ)

ಪ್ರತಿ ಖಾತೆಗೂ ಬೇರೆ ಬೇರೆ ಲೆಕ್ಕ, ಆ ಖಾತೆಯೊಳಗೆ ದಿನಾಂಕದ ಪ್ರಕಾರ, ಒಂದೇ ದಿನಾಂಕ ಇದ್ದರೆ ಐಡಿ ಪ್ರಕಾರ ಜೋಡಿಸಿ, ಮೊದಲಿನಿಂದ ಈ ಸಾಲಿನವರೆಗೆ ಕೂಡಿಸು ಅಂತ ಅರ್ಥ. ಡೇಟಾಬೇಸ್ ಒಂದು ಸಲ ಜೋಡಿಸಿಕೊಂಡು, ಮೇಲಿನಿಂದ ಕೆಳಗೆ ಒಂದೇ ಸಲ ಇಳಿಯುತ್ತದೆ. ಹಿಂದಿನ ಶಿಲ್ಕಿಗೆ ಈ ಸಾಲಿನ ಮೊತ್ತ ಸೇರಿಸುತ್ತಾ ಹೋಗುತ್ತದೆ. ಐದು ಕೋಟಿ ಇದ್ದದ್ದು ಹತ್ತು ಸಾವಿರಕ್ಕೆ ಬಂತು.

ಜ್ಯಾಂಗೋದಲ್ಲಿ ಇದಕ್ಕೆ ಕಚ್ಚಾ ಎಸ್‌ಕ್ಯೂಎಲ್ ಬೇಕಾಗಿಲ್ಲ. 2017ರ ಕೊನೆಯಲ್ಲಿ ಬಂದ 2.0 ಆವೃತ್ತಿಯಿಂದಲೇ 'ವಿಂಡೋ' ಎಕ್ಸ್‌ಪ್ರೆಷನ್ ಇದೆ:

ನಮೂದು.ಆಬ್ಜೆಕ್ಟ್ಸ್.ಅನೊಟೇಟ್(ಶಿಲ್ಕು=ವಿಂಡೋ(ಎಕ್ಸ್‌ಪ್ರೆಷನ್=ಸಮ್('ಮೊತ್ತ'), ಪಾರ್ಟಿಷನ್_ಬೈ=ಎಫ್('ಖಾತೆ'), ಆರ್ಡರ್_ಬೈ=['ದಿನಾಂಕ', 'ಐಡಿ'])).ಆರ್ಡರ್_ಬೈ('ದಿನಾಂಕ', 'ಐಡಿ')

ಕೊನೆಯಲ್ಲಿ ಇನ್ನೊಂದು 'ಆರ್ಡರ್_ಬೈ' ಯಾಕೆ ಅಂತ ಕೇಳಬಹುದು. ಎರಡರ ಕೆಲಸವೂ ಬೇರೆ. ವಿಂಡೋದ ಒಳಗಿರುವುದು ಯಾವ ಅನುಕ್ರಮದಲ್ಲಿ ಕೂಡಿಸಬೇಕು ಅಂತ ಹೇಳುತ್ತದೆ. ಹೊರಗಿರುವುದು ಯಾವ ಅನುಕ್ರಮದಲ್ಲಿ ತೋರಿಸಬೇಕು ಅಂತ ಹೇಳುತ್ತದೆ. ಹೊರಗಿನದನ್ನು ಬಿಟ್ಟರೂ ಎಷ್ಟೋ ಸಲ ಸಾಲುಗಳು ಸರಿಯಾದ ಅನುಕ್ರಮದಲ್ಲೇ ಬರುತ್ತವೆ, ಆದರೆ ಅದಕ್ಕೆ ಯಾವ ಖಾತರಿಯೂ ಇಲ್ಲ. ಇದರಿಂದ ಒಂದು ಅನುಕೂಲವೂ ಇದೆ. ಇತ್ತೀಚಿನ ನಮೂದು ಮೇಲೆ ಬರಬೇಕು ಅಂದರೆ ಹೊರಗಿನದನ್ನು ಮಾತ್ರ ತಿರುಗಿಸಿ, ಐಡಿಯನ್ನೂ ಸೇರಿಸಿ ತಿರುಗಿಸಿ. ಒಳಗಿನದನ್ನು ಮುಟ್ಟಬೇಡಿ. ಲೆಕ್ಕ ಹಳೆಯದರಿಂದ ಹೊಸದಕ್ಕೇ ನಡೆಯುತ್ತದೆ, ಪಟ್ಟಿ ಮಾತ್ರ ತಲೆಕೆಳಗಾಗಿ ಕಾಣುತ್ತದೆ.

ಇನ್ನು ವಿಂಡೋದ ಒಳಗಿನ 'ಆರ್ಡರ್_ಬೈ' ಮರೆತರೆ ಎಲ್ಲ ಸಾಲಿಗೂ ಖಾತೆಯ ಪೂರ್ತಿ ಮೊತ್ತವೇ ಬರುತ್ತದೆ. ಅದು ದೋಷವಲ್ಲ, ಅನುಕ್ರಮ ಹೇಳದಿದ್ದರೆ 'ಇಲ್ಲಿಯವರೆಗೆ' ಅನ್ನುವುದಕ್ಕೆ ಅರ್ಥವೇ ಇಲ್ಲವಲ್ಲ.

ಡೇಟಾಬೇಸ್ ಆವೃತ್ತಿ ಒಮ್ಮೆ ನೋಡಿಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ 2009ರ 8.4ರಿಂದ ಇದೆ. ಮೈಎಸ್‌ಕ್ಯೂಎಲ್‌ಗೆ 8.0 ಬೇಕು, ಮರಿಯಾಡಿಬಿಗೆ 10.2, ಎಸ್‌ಕ್ಯೂಲೈಟ್‌ಗೆ 3.25. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್ ಎರಡಕ್ಕೂ ಇದು ಬಂದದ್ದು 2018ರಲ್ಲಿ. ಅದಕ್ಕಿಂತ ಹಿಂದೆ ಬರೆದ ಉತ್ತರಗಳನ್ನು ಹುಡುಕಿ ತೆಗೆದರೆ ಸುತ್ತುಬಳಸಿನ ದಾರಿಗಳೇ ಸಿಗುತ್ತವೆ. ಆಗ ಅವರಿಗೆ ಬೇರೆ ದಾರಿ ಇರಲಿಲ್ಲ, ನಿಮಗೆ ಇದೆ.

ಪ್ರಶ್ನೆ: ವಿಂಡೋ ಹಾಕಿದ್ದೇನೆ, ದಿನಾಂಕದ ಪ್ರಕಾರವೇ ಜೋಡಿಸಿದ್ದೇನೆ. ಆದರೆ ಒಂದೇ ದಿನ ಮೂರು ನಮೂದು ಇದ್ದರೆ ಮೂರಕ್ಕೂ ಒಂದೇ ಶಿಲ್ಕು ಬರುತ್ತಿದೆ. ಡೇಟಾಬೇಸ್‌ನಲ್ಲೇ ಏನಾದರೂ ದೋಷ ಇದೆಯಾ?

ದೋಷ ಇಲ್ಲ. ನೀವು ಹೇಳಿದ್ದನ್ನೇ ಅದು ಮಾಡಿದೆ, ನೀವು ಹೇಳದೇ ಬಿಟ್ಟ ಜಾಗದಲ್ಲಿ ಅದರದೇ ನಿಯಮ ಹಾಕಿಕೊಂಡಿದೆ. ಈ ವಿಷಯದಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದೇ ಇಲ್ಲಿ, ಅದಕ್ಕೇ ಸಂಖ್ಯೆ ಇಟ್ಟುಕೊಂಡು ನೋಡೋಣ.

ಒಂದು ಖಾತೆಯಲ್ಲಿ ಐದು ನಮೂದು ಇವೆ ಅಂದುಕೊಳ್ಳಿ. 3ನೇ ತಾರೀಖು 1000 ಜಮಾ. 5ನೇ ತಾರೀಖು ಮೂರು ನಮೂದು: 500 ಜಮಾ, 200 ಖರ್ಚು, 50 ಜಮಾ. 9ನೇ ತಾರೀಖು 300 ಖರ್ಚು. ಖರ್ಚಿನ ಮೊತ್ತ ಟೇಬಲ್‌ನಲ್ಲಿ ಋಣ ಸಂಖ್ಯೆಯಾಗಿದೆ ಅಂತಲೂ ಇಟ್ಟುಕೊಳ್ಳಿ. ಕೈಯಲ್ಲಿ ಕೂಡಿಸಿದರೆ ಶಿಲ್ಕು 1000, 1500, 1300, 1350, 1050 ಅಂತ ಬರಬೇಕು. ದಿನಾಂಕದ ಮೇಲೆ ಮಾತ್ರ ಜೋಡಿಸಿದ ವಿಂಡೋ ಕೊಡುವುದು 1000, 1350, 1350, 1350, 1050. 

ಏನಾಯಿತು? 'ಆರ್ಡರ್ ಬೈ' ಹಾಕಿ, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಅಂತ ನೀವು ಬೇರೆಯಾಗಿ ಹೇಳದಿದ್ದರೆ, 'ಮೊದಲಿನಿಂದ ಈ ಸಾಲಿನ ಬೆಲೆಯವರೆಗೆ' ಅಂತ ಡೇಟಾಬೇಸ್ ತಿಳಿದುಕೊಳ್ಳುತ್ತದೆ. ಎಸ್‌ಕ್ಯೂಎಲ್ ಭಾಷೆಯಲ್ಲಿ ಇದಕ್ಕೆ 'ರೇಂಜ್' ಫ್ರೇಮ್ ಅನ್ನುತ್ತಾರೆ. 5ನೇ ತಾರೀಖಿನ ಮೂರೂ ಸಾಲಿನ ಬೆಲೆ ಒಂದೇ, ಅಂದರೆ 5ನೇ ತಾರೀಖು. ಹಾಗಾಗಿ ಮೂರೂ ಜೊತೆಗಾರರು, ಮೂವರಿಗೂ ಒಂದೇ ಮೊತ್ತ. 5ನೇ ತಾರೀಖು ಮುಗಿದ ಮೇಲಿನ ಶಿಲ್ಕು ಬೇಕಿದ್ದರೆ ಇದೇ ಸರಿಯಾದ ಉತ್ತರ! ನಿಮಗೆ ಬೇಕಿದ್ದದ್ದು ಅದಲ್ಲ, ಅಷ್ಟೇ.

ಇದಕ್ಕೆ ಎರಡು ಪರಿಹಾರ ಚಾಲ್ತಿಯಲ್ಲಿದೆ, ಎರಡೂ ಸಮ ಅಲ್ಲ. 

ಒಂದು, ಫ್ರೇಮನ್ನು 'ರೇಂಜ್' ಬದಲು 'ರೋಸ್' ಮಾಡುವುದು. ಜ್ಯಾಂಗೋದಲ್ಲಿ ಫ್ರೇಮ್=ರೋರೇಂಜ್(ಸ್ಟಾರ್ಟ್=ನನ್, ಎಂಡ್=0) ಅಂತ ಸೇರಿಸುತ್ತೀರಿ, ಅಂದರೆ ಮೊದಲ ಸಾಲಿನಿಂದ ಈ ಸಾಲಿನವರೆಗೆ. ಆಗ ಬೆಲೆ ನೋಡುವುದಿಲ್ಲ, ಸಾಲನ್ನು ಮಾತ್ರ ಎಣಿಸುತ್ತದೆ, ಮೂರು ಸಾಲಿಗೂ ಬೇರೆ ಬೇರೆ ಶಿಲ್ಕು ಬರುತ್ತದೆ. ಪರದೆಯ ಮೇಲೆ ಸರಿಹೋಯಿತು ಅನಿಸುತ್ತದೆ. ಆದರೆ 5ನೇ ತಾರೀಖಿನ ಮೂರರಲ್ಲಿ ಯಾವುದು ಮೊದಲು ಅಂತ ನೀವಿನ್ನೂ ಹೇಳಿಯೇ ಇಲ್ಲ. ಇವತ್ತು 500 ಮೊದಲು ಬರಬಹುದು. ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಬದಲಾದ ಮೇಲೆ, ಅಥವಾ ಟೇಬಲ್ ದೊಡ್ಡದಾಗಿ ಡೇಟಾಬೇಸ್ ಬೇರೆ ದಾರಿ ಹಿಡಿದ ಮೇಲೆ, 200 ಖರ್ಚು ಮೊದಲು ಬರಬಹುದು. ಆಗ 1500 ಇದ್ದ ಜಾಗದಲ್ಲಿ 800 ಕಾಣುತ್ತದೆ. ನಿನ್ನೆ ಮುದ್ರಿಸಿದ ಪುಟಕ್ಕೂ ಇವತ್ತಿನ ಪುಟಕ್ಕೂ ತಾಳೆಯಾಗುವುದಿಲ್ಲ, ಕೊನೆಯ ಮೊತ್ತ ಮಾತ್ರ ಸರಿಯಾಗಿರುತ್ತದೆ. ಇಂಥ ತಪ್ಪು ಹಿಡಿಯುವುದು ತುಂಬ ಕಷ್ಟ.

ಎರಡು, ಅನುಕ್ರಮದಲ್ಲಿ ಟೈ ಆಗದ ಹಾಗೆ, ಅಂದರೆ ಎರಡು ಸಾಲು ಸಮ ಬೀಳದ ಹಾಗೆ ನೋಡಿಕೊಳ್ಳುವುದು. ದಿನಾಂಕದ ಪಕ್ಕದಲ್ಲಿ ಐಡಿ ಹಾಕಿ. ಐಡಿ ಯಾವತ್ತೂ ಒಂದೇ ಇರುವುದಿಲ್ಲ, ಹಾಗಾಗಿ ಯಾವ ಎರಡು ಸಾಲೂ ಜೊತೆಗಾರರಾಗುವುದಿಲ್ಲ. ಇಷ್ಟು ಮಾಡಿದರೆ 'ರೇಂಜ್' ಇದ್ದರೂ 'ರೋಸ್' ಇದ್ದರೂ ಉತ್ತರ ಒಂದೇ. ನಾನು ಎರಡನ್ನೂ ಹಾಕುತ್ತೇನೆ. ಐಡಿ ಲೆಕ್ಕಕ್ಕಾಗಿ, 'ರೋಸ್' ಮುಂದೆ ಕೋಡ್ ಓದುವವರಿಗೆ ನನ್ನ ಉದ್ದೇಶ ಗೊತ್ತಾಗಲಿ ಅಂತ. ಒಂದನ್ನೇ ಹಾಕುವುದಾದರೆ ಐಡಿಯನ್ನೇ ಆರಿಸಿಕೊಳ್ಳಿ.

ಐಡಿಗೆ ಕ್ರಮಸಂಖ್ಯೆಯ ಬದಲು ಯೂಯೂಐಡಿ (ಯಾವುದರ ಜೊತೆಗೂ ಹೊಂದದ ಉದ್ದನೆಯ ಗುರುತು) ಬಳಸುವವರು ಇಲ್ಲಿ ಸ್ವಲ್ಪ ನಿಲ್ಲಿ. ಮಾಮೂಲಿಯಾಗಿ ಬಳಸುವ ನಾಲ್ಕನೇ ಆವೃತ್ತಿಯ ಯೂಯೂಐಡಿ ಯದ್ವಾತದ್ವಾ ಹುಟ್ಟುವಂಥದ್ದು. ಅದು ಟೈ ಬಿಡಿಸುತ್ತದೆ ನಿಜ, ಪ್ರತಿ ಸಲವೂ ಒಂದೇ ಅನುಕ್ರಮ ಕೊಡುತ್ತದೆ ಅನ್ನುವುದೂ ನಿಜ, ಆದರೆ ಆ ಅನುಕ್ರಮಕ್ಕೂ ನಮೂದು ಬಂದ ಹೊತ್ತಿಗೂ ಸಂಬಂಧವಿಲ್ಲ. ಹಣದ ಲೆಕ್ಕವಾದರೆ ಏರುತ್ತಾ ಹೋಗುವ ಒಂದು ಕ್ರಮಸಂಖ್ಯೆಯ ಕಾಲಂ ಬೇರೆಯಾಗಿಯೇ ಇಟ್ಟುಕೊಳ್ಳಿ.

ಪ್ರಶ್ನೆ: ಒಂದು ತಿಂಗಳಿಗೆ ಫಿಲ್ಟರ್ ಹಾಕಿದರೆ ಶಿಲ್ಕು ಸೊನ್ನೆಯಿಂದ ಶುರುವಾಗುತ್ತದೆ. ಹಿಂದಿನ ತಿಂಗಳ ಶಿಲ್ಕು ಸೇರಿಯೇ ಬರಬೇಕಲ್ವಾ? ಫಿಲ್ಟರನ್ನು ಅನೊಟೇಟ್ ಆದಮೇಲೆ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಪುಟ ಪುಟವಾಗಿ ಒಡೆದರೂ ಹೀಗೇ ಆಗುತ್ತದಾ?

ಪುಟಗಳಿಗೆ ಹಾಗಾಗುವುದಿಲ್ಲ, ಫಿಲ್ಟರ್‌ಗೆ ಆಗುತ್ತದೆ. ಕಾರಣ ಎಸ್‌ಕ್ಯೂಎಲ್ ಯಾವ ಹಂತದಲ್ಲಿ ಏನು ಮಾಡುತ್ತದೆ ಅನ್ನುವುದರಲ್ಲಿದೆ. ಮೊದಲು 'ವೇರ್' ಸಾಲುಗಳನ್ನು ಸೋಸುತ್ತದೆ. ಆಮೇಲೆ 'ಗ್ರೂಪ್ ಬೈ', 'ಹ್ಯಾವಿಂಗ್'. ಅದಾದ ಮೇಲೆ ವಿಂಡೋ ಲೆಕ್ಕ. ಕೊನೆಯಲ್ಲಿ 'ಆರ್ಡರ್ ಬೈ' ಮತ್ತು 'ಲಿಮಿಟ್'. ಅಂದರೆ ವಿಂಡೋ ಲೆಕ್ಕ ಶುರುವಾಗುವ ಹೊತ್ತಿಗೆ ಹಿಂದಿನ ತಿಂಗಳ ಸಾಲುಗಳು ಆಗಲೇ ಹೊರಗೆ ಹೋಗಿರುತ್ತವೆ. ಪುಟ ಒಡೆಯುವ 'ಲಿಮಿಟ್' ಮಾತ್ರ ಲೆಕ್ಕ ಮುಗಿದ ಮೇಲೆ ಬರುತ್ತದೆ, ಅದಕ್ಕೇ ಎರಡನೇ ಪುಟದ ಮೊದಲ ಸಾಲಿನಲ್ಲಿ ಶಿಲ್ಕು ಸರಿಯಾಗಿಯೇ ಮುಂದುವರಿಯುತ್ತದೆ.

ಜ್ಯಾಂಗೋದಲ್ಲಿ ಫಿಲ್ಟರನ್ನು ಹಿಂದೆ ಬರೆದರೂ ಮುಂದೆ ಬರೆದರೂ, ಅದು ದಿನಾಂಕದಂಥ ಮಾಮೂಲಿ ಕಾಲಂ ಮೇಲಿದ್ದರೆ, ಒಳಗಿನ 'ವೇರ್'ಗೇ ಹೋಗಿ ಸೇರುತ್ತದೆ. ಬರೆದ ಜಾಗ ನೋಡಿ ಅದು ಹಂತ ಬದಲಿಸುವುದಿಲ್ಲ.

ನಾನು ಮಾಡುವುದು ತೀರಾ ಸರಳ. ಆರಂಭಿಕ ಶಿಲ್ಕನ್ನು ಬೇರೆ ಕ್ವೆರಿಯಲ್ಲಿ ತರುತ್ತೇನೆ. ಆ ಖಾತೆಯಲ್ಲಿ ತಿಂಗಳ ಮೊದಲ ತಾರೀಖಿಗಿಂತ ಹಿಂದಿನ ಎಲ್ಲ ನಮೂದುಗಳ 'ಅಗ್ರಿಗೇಟ್', ಒಂದೇ ಸಂಖ್ಯೆ. ಹಿಂದೆ ನಮೂದೇ ಇಲ್ಲದಿದ್ದರೆ ಸೊನ್ನೆ ಬರುವುದಿಲ್ಲ, 'ನನ್', ಅಂದರೆ ಖಾಲಿ ಬೆಲೆ, ಬರುತ್ತದೆ, ಅದನ್ನು ಸೊನ್ನೆ ಮಾಡಿಕೊಳ್ಳಿ. ಆಮೇಲೆ ಆ ತಿಂಗಳ ನಮೂದುಗಳಿಗೆ ವಿಂಡೋ ಹಾಕಿ, ಪ್ರತಿ ಸಾಲಿನ ಮೊತ್ತಕ್ಕೂ ಆರಂಭಿಕ ಶಿಲ್ಕು ಕೂಡಿಸಿ. ಎರಡೇ ಕ್ವೆರಿ, ಎರಡೂ ಓದಿದ ತಕ್ಷಣ ಅರ್ಥವಾಗುತ್ತವೆ. ಲೆಡ್ಜರ್ ಬರೆಯುವವರು ಪುಟದ ತಲೆಯಲ್ಲಿ ಆರಂಭಿಕ ಶಿಲ್ಕು ಅಂತ ಒಂದು ಸಾಲು ಹೇಗೂ ಬರೆದೇ ಬರೆಯುತ್ತಾರೆ, ನಿಮ್ಮ ಪರದೆಯಲ್ಲೂ ಆ ಸಾಲಿಗೆ ಇದೇ ಸಂಖ್ಯೆ ಬೇಕಾಗುತ್ತದೆ.

ಒಂದೇ ಕ್ವೆರಿ ಬೇಕೇಬೇಕು ಅನ್ನುವವರು ಒಳಗಿನ ಕ್ವೆರಿಯಲ್ಲಿ ಇಡೀ ಖಾತೆಗೆ ಶಿಲ್ಕು ಲೆಕ್ಕ ಹಾಕಿ, ಅದರ ಹೊರಗೆ ಇನ್ನೊಂದು ಕ್ವೆರಿ ಸುತ್ತಿ ದಿನಾಂಕದ ಫಿಲ್ಟರ್ ಹಾಕಬಹುದು. ಖಾತೆಯ ಫಿಲ್ಟರನ್ನು ಮಾತ್ರ ಒಳಗೇ ಹಾಕಿ. ಖಾತೆ ಪಾರ್ಟಿಷನ್ ಕಾಲಂ ಆದ್ದರಿಂದ ಒಳಗಿದ್ದರೂ ಹೊರಗಿದ್ದರೂ ಉತ್ತರ ಬದಲಾಗುವುದಿಲ್ಲ, ಒಳಗಿದ್ದರೆ ಬೇರೆ ಖಾತೆಗಳನ್ನು ಸುಮ್ನೆ ಲೆಕ್ಕ ಹಾಕುವುದು ತಪ್ಪುತ್ತದೆ.

ಇದರ ಜೊತೆ ಒಂದು ಇಂಡೆಕ್ಸ್ ಮಾಡಿಕೊಳ್ಳಿ: ಖಾತೆ, ದಿನಾಂಕ, ಐಡಿ, ಇದೇ ಅನುಕ್ರಮದಲ್ಲಿ ಮೂರೂ ಸೇರಿ ಒಂದು. ವಿಂಡೋದಲ್ಲಿ ಹೆಚ್ಚು ಹೊತ್ತು ಹಿಡಿಯುವ ಕೆಲಸ ಸಾಮಾನ್ಯವಾಗಿ ಜೋಡಿಸುವುದು, ಕೂಡಿಸುವುದಲ್ಲ. ಈ ಇಂಡೆಕ್ಸ್ ಇದ್ದರೆ ಸಾಲುಗಳು ಆಗಲೇ ಜೋಡಿಸಿದ ಸ್ಥಿತಿಯಲ್ಲೇ ಸಿಗುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ 'ಎಕ್ಸ್‌ಪ್ಲೇನ್' ಹಾಕಿ ನೋಡಿ. ಇಂಡೆಕ್ಸ್ ಬಳಕೆಯಾಗಿದ್ದರೆ 'ವಿಂಡೋಅಗ್' ಅನ್ನುವ ಸಾಲಿನ ಕೆಳಗೆ 'ಸಾರ್ಟ್' ಇರುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ನಮೂದು ಸೇರಿಸುವಾಗಲೇ ಶಿಲ್ಕನ್ನೂ ಆ ಸಾಲಿನಲ್ಲೇ ಬರೆದಿಟ್ಟರೆ ಆಮೇಲೆ ಓದಿದರೆ ಸಾಕಲ್ವಾ?

ಆಸೆ ಹುಟ್ಟಿಸುವ ದಾರಿ, ಮತ್ತು ಕೆಲವು ಕಡೆ ಸರಿಯಾದ ದಾರಿಯೂ ಹೌದು. ಆದರೆ ಅದರ ಬೆಲೆ ಏನು ಅಂತ ಗೊತ್ತಿದ್ದೇ ಹೋಗಬೇಕು.

ಮೊದಲನೆಯದು ಹಿಂದಿನ ತಾರೀಖಿನ ನಮೂದು. ಮೇಲಿನ ಐದು ಸಾಲನ್ನೇ ತೆಗೆದುಕೊಳ್ಳಿ. 4ನೇ ತಾರೀಖಿನ 100 ಖರ್ಚು ಬಿಟ್ಟುಹೋಗಿತ್ತು, ಈಗ ಸೇರಿಸುತ್ತಿದ್ದೀರಿ. ಅದರ ಕೆಳಗಿನ ನಾಲ್ಕೂ ಸಾಲಿನ ಶಿಲ್ಕು ತಪ್ಪಾಯಿತು, ನಾಲ್ಕನ್ನೂ ತಿದ್ದಿ ಬರೆಯಬೇಕು. ಹತ್ತು ಸಾವಿರ ಸಾಲಿರುವ ಖಾತೆಯಲ್ಲಿ ಮೊದಲ ವಾರದ ಒಂದು ನಮೂದು ತಿದ್ದಿದರೆ ಎಷ್ಟು ಸಾಲು ಬದಲಾಗಬೇಕು ನೀವೇ ಯೋಚಿಸಿ. ಅಳಿಸಿದರೂ ಅದೇ ಕಥೆ, ಮೊತ್ತ ತಿದ್ದಿದರೂ ಅದೇ.

ಎರಡನೆಯದು ಒಂದೇ ಹೊತ್ತಿಗೆ ಇಬ್ಬರು ಬರೆಯುವುದು. ಶಿಲ್ಕು 1350 ಇದೆ. ಒಬ್ಬರು 100 ಜಮಾ ಮಾಡುತ್ತಾರೆ, ಇನ್ನೊಬ್ಬರು ಅದೇ ಕ್ಷಣದಲ್ಲಿ 50 ಖರ್ಚು ಬರೆಯುತ್ತಾರೆ. ಇಬ್ಬರ ಕೋಡೂ 1350 ಅಂತ ಓದಿಕೊಂಡಿದೆ. ಒಂದು 1450 ಬರೆಯುತ್ತದೆ, ಇನ್ನೊಂದು 1300 ಬರೆಯುತ್ತದೆ. ಸರಿಯಾದ ಶಿಲ್ಕು 1400, ಅದು ಯಾವ ಸಾಲಿನಲ್ಲೂ ಇಲ್ಲ. ಇದನ್ನು ತಡೆಯಬೇಕಾದರೆ 'ಅಟಾಮಿಕ್' ಟ್ರಾನ್ಸಾಕ್ಷನ್ ಒಳಗೆ ಖಾತೆಯ ಸಾಲನ್ನು 'ಸೆಲೆಕ್ಟ್_ಫಾರ್_ಅಪ್‌ಡೇಟ್' ಮೂಲಕ ಲಾಕ್ ಮಾಡಿ, ಆಮೇಲೆ ಬರೆಯಬೇಕು. ಒಂದೇ ಖಾತೆಗೆ ಬರೆಯುವವರೆಲ್ಲ ಸರದಿಯಲ್ಲಿ ನಿಲ್ಲುತ್ತಾರೆ. ಹಣ ಇದ್ದಷ್ಟೇ ತೆಗೆಯಬೇಕು ಅನ್ನುವ ನಿಯಮ ಇರುವಲ್ಲಿ ಈ ಲಾಕ್ ಹೇಗಿದ್ದರೂ ಬೇಕು. ಸುಮ್ನೆ ವರದಿಗಾಗಿ ಇಷ್ಟು ಹೊತ್ತುಕೊಳ್ಳುವುದು ಬೇಡ.

ಖಾತೆ ತುಂಬ ದೊಡ್ಡದಾಗಿ, ವಿಂಡೋ ಕೂಡ ನಿಧಾನ ಅನಿಸಿದರೆ ನಡುವಿನ ದಾರಿ ಹಿಡಿಯಿರಿ. ಪ್ರತಿ ತಿಂಗಳ ಕೊನೆಯ ಶಿಲ್ಕನ್ನು ಬೇರೆ ಟೇಬಲ್‌ನಲ್ಲಿ ಬರೆದಿಡಿ, ಒಂದು ಖಾತೆಗೆ ತಿಂಗಳಿಗೊಂದೇ ಸಾಲು. ಮುಗಿಸಿದ ತಿಂಗಳಿಗೆ ಹೊಸ ನಮೂದು ಹಾಕಲು ಬಿಡಬೇಡಿ, ತಿದ್ದುಪಡಿ ಇದ್ದರೆ ಇವತ್ತಿನ ತಾರೀಖಿನಲ್ಲೇ ಹೊಸ ನಮೂದಾಗಿ ಬರಲಿ. ಆಗ ಆರಂಭಿಕ ಶಿಲ್ಕು ಒಂದು ಸಾಲು ಓದಿದರೆ ಸಿಗುತ್ತದೆ, ವಿಂಡೋ ಆ ತಿಂಗಳಷ್ಟಕ್ಕೇ ಓಡುತ್ತದೆ. ಇದಕ್ಕಿಂತ ಮುಂದೆ ಹೋಗಿ ಪ್ರತಿ ಸಾಲಿನಲ್ಲೂ ಶಿಲ್ಕು ಬರೆಯುವ ಅಗತ್ಯ ನನಗಂತೂ ವರದಿಗಳಲ್ಲಿ ಕಾಣುವುದಿಲ್ಲ.

ಪ್ರಶ್ನೆ: ಲಾರಾವೆಲ್ (ಪಿಎಚ್‌ಪಿಯ ವೆಬ್ ಫ್ರೇಮ್‌ವರ್ಕ್) ಬಳಸುತ್ತೇವೆ, ಮೈಎಸ್‌ಕ್ಯೂಎಲ್ 5.7. ಒಂದು ವೇರಿಯಬಲ್ ಇಟ್ಟುಕೊಂಡು ಪ್ರತಿ ಸಾಲಿಗೂ ಕೂಡಿಸುತ್ತಾ ಹೋಗುವ ಹಳೆಯ ಕ್ವೆರಿ ಇದೆ. ಒಮ್ಮೊಮ್ಮೆ ಲೆಕ್ಕ ತಪ್ಪುತ್ತದೆ.

ತಪ್ಪಲೇಬೇಕು. 'ಸೆಲೆಕ್ಟ್' ಒಳಗೆ ವೇರಿಯಬಲ್‌ಗೆ ಬೆಲೆ ಹಾಕುವುದೂ, ಸಾಲುಗಳನ್ನು ಜೋಡಿಸುವುದೂ ಯಾವುದು ಮೊದಲು ಅನ್ನುವುದಕ್ಕೆ ಖಾತರಿ ಇಲ್ಲ. ಜೋಡಿಸುವ ಮೊದಲೇ ಕೂಡಿಸಿಬಿಟ್ಟರೆ ಶಿಲ್ಕು ಬೇರೆ ಯಾವುದೋ ಅನುಕ್ರಮದ್ದಾಗುತ್ತದೆ. ಈ ಪದ್ಧತಿಯನ್ನು 8.0.13ರಿಂದ ಕೈಬಿಡಬೇಕಾದವುಗಳ ಪಟ್ಟಿಗೂ ಸೇರಿಸಿದ್ದಾರೆ. 5.7ಕ್ಕೆ ಅಧಿಕೃತ ಬೆಂಬಲವೇ 2023ರ ಅಕ್ಟೋಬರ್‌ಗೆ ಮುಗಿದಿದೆ, ಹಾಗಾಗಿ 8ಕ್ಕೆ ಹೋಗುವುದೇ ನಿಜವಾದ ಪರಿಹಾರ. ಹೋದ ಮೇಲೆ 'ಸೆಲೆಕ್ಟ್‌ರಾ' ಒಳಗೆ ಮೊದಲ ಉತ್ತರದಲ್ಲಿ ಬರೆದ 'ಸಮ್ ಓವರ್' ಸಾಲನ್ನೇ ಇಡಿ. ರೂಬಿಯ ಫ್ರೇಮ್‌ವರ್ಕ್ ರೈಲ್ಸ್‌ನಲ್ಲೂ ಹಾಗೆಯೇ 'ಸೆಲೆಕ್ಟ್' ಒಳಗೆ ಎಸ್‌ಕ್ಯೂಎಲ್ ತುಂಡಾಗಿ ಕೊಡಬಹುದು. ಪೈಥಾನ್‌ನ ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಎಲ್‌ಆಲ್ಕೆಮಿ ಬಳಸುವವರಿಗೆ 'ಫಂಕ್.ಸಮ್' ಮುಂದೆ 'ಓವರ್' ಇದೆ.

ಅಲ್ಲಿಯವರೆಗೆ ಪಿಎಚ್‌ಪಿಯಲ್ಲೇ ಲೂಪ್ ಹಾಕಿ ಕೂಡಿಸಿ. ಜೋಡಿಸಿದ ಸಾಲುಗಳನ್ನು ಒಂದು ಸಲ ತರಿಸಿ, ಒಂದು ಸಲ ಕೆಳಗಿಳಿಯುತ್ತಾ ಕೂಡಿಸಿದರೆ ಲೆಕ್ಕ ಯಾವತ್ತೂ ಸರಿ ಇರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ತಿಂಗಳಿಗೆ ಎಷ್ಟು ಅಂತ ಮೊದಲು ಒಟ್ಟು ಮಾಡಿ, ಅದರ ಮೇಲೆ ರನ್ನಿಂಗ್ ಟೋಟಲ್ ಬೇಕು. ಜ್ಯಾಂಗೋ 'ಇದು ಆಗಲೇ ಅಗ್ರಿಗೇಟ್' ಅಂತ ಎರರ್ ಕೊಡುತ್ತದೆ.

ಹೌದು, ಕೊಡುತ್ತದೆ. ದಿನಾಂಕವನ್ನು ತಿಂಗಳಿಗೆ ಇಳಿಸುವ 'ಟ್ರಂಕ್‌ಮಂತ್' ಹಾಕಿ, 'ವ್ಯಾಲ್ಯೂಸ್' ಹಾಕಿ, ತಿಂಗಳ 'ಸಮ್' ತೆಗೆದ ಮೇಲೆ, ಆ 'ಸಮ್' ಮೇಲೆ ಇನ್ನೊಂದು 'ಸಮ್' ಹಾಕಲು ಅದು ಬಿಡುವುದಿಲ್ಲ. ಎಸ್‌ಕ್ಯೂಎಲ್‌ಗೆ ಅದು ತಕರಾರಿಲ್ಲದ ವಿಷಯ, 'ಸಮ್(ಸಮ್(ಮೊತ್ತ)) ಓವರ್' ಅಂತ ಬರೆದರೆ ನಡೆಯುತ್ತದೆ. 'ವಿಂಡೋ_ಕಂಪ್ಯಾಟಿಬಲ್' ಅಂತ ಗುರುತು ಹಾಕಿದ ಸ್ವಂತ ಫಂಕ್ಷನ್ ಬರೆದು ಜ್ಯಾಂಗೋವನ್ನು ಒಪ್ಪಿಸುವವರೂ ಇದ್ದಾರೆ.

ನಾನು ಅಷ್ಟು ದೂರ ಹೋಗುವುದಿಲ್ಲ. ವರ್ಷಕ್ಕೆ ಇರುವುದು ಹನ್ನೆರಡು ತಿಂಗಳು, ಹತ್ತು ವರ್ಷಕ್ಕೆ ನೂರಿಪ್ಪತ್ತು ಸಾಲು. ಭಾರವಾದ ಕೆಲಸ, ಅಂದರೆ ಸಾವಿರಾರು ನಮೂದನ್ನು ತಿಂಗಳಿಗೊಂದಾಗಿ ಮಡಚುವುದು, ಡೇಟಾಬೇಸ್ ಆಗಲೇ ಮಾಡಿಕೊಟ್ಟಿದೆ. ಉಳಿದ ನೂರಿಪ್ಪತ್ತು ಸಂಖ್ಯೆಯನ್ನು ಪೈಥಾನ್‌ನ ಇಟರ್‌ಟೂಲ್ಸ್‌ನಲ್ಲಿರುವ 'ಅಕ್ಯುಮುಲೇಟ್' ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಸಿ ಕೊಡುತ್ತದೆ. ಪೈಥಾನ್ 3.8ರಿಂದ ಅದಕ್ಕೆ 'ಇನಿಷಿಯಲ್' ಅಂತ ಆರಂಭಿಕ ಬೆಲೆಯನ್ನೂ ಕೊಡಬಹುದು. ಆಗ ಪಟ್ಟಿಯಲ್ಲಿ ಒಂದು ಸಂಖ್ಯೆ ಜಾಸ್ತಿ ಬರುತ್ತದೆ, ಮೊದಲನೆಯದು ಆ ಆರಂಭಿಕ ಬೆಲೆಯೇ.

ಇನ್ನೊಂದು ವಿಷಯ ನೋಡಿಕೊಳ್ಳಿ. ನಮೂದೇ ಇಲ್ಲದ ತಿಂಗಳು ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಗ್ರಾಫ್ ಬಿಡಿಸಿದರೆ ಏಪ್ರಿಲ್ ಪಕ್ಕದಲ್ಲಿ ಜೂನ್ ಬಂದು ಕೂರುತ್ತದೆ. ತಿಂಗಳುಗಳ ಪೂರ್ತಿ ಪಟ್ಟಿ ಮಾಡಿಕೊಂಡು, ಇಲ್ಲದ ತಿಂಗಳಿಗೆ ಸೊನ್ನೆ ತುಂಬಿ, ಆಮೇಲೆ ಕೂಡಿಸಿ.

ಪ್ರಶ್ನೆ: ಕಳೆದ ಏಳು ದಿನದ ಸರಾಸರಿಯನ್ನು ಪ್ರತಿ ಸಾಲಿಗೂ ತೋರಿಸಲು ಇದೇ ವಿಂಡೋ ಸಾಕಾ?

ಸಾಕು. 'ಸಮ್' ಜಾಗದಲ್ಲಿ 'ಎವಿಜಿ' ಹಾಕಿ, ಫ್ರೇಮ್=ರೋರೇಂಜ್(ಸ್ಟಾರ್ಟ್=-6, ಎಂಡ್=0) ಅಂತ ಕೊಡಿ. ಹಿಂದಿನ ಆರು ಸಾಲು ಮತ್ತು ಈ ಸಾಲು. ಗಮನಿಸಿ, ಏಳು ಸಾಲು, ಏಳು ದಿನವಲ್ಲ. ದಿನಕ್ಕೊಂದೇ ಸಾಲಿದ್ದು ಯಾವ ದಿನವೂ ತಪ್ಪದಿದ್ದರೆ ಎರಡೂ ಒಂದೇ. ನಡುವೆ ದಿನ ಬಿಟ್ಟುಹೋಗಿದ್ದರೆ ಏಳು ಸಾಲು ಹದಿನೈದು ದಿನಕ್ಕೂ ಹರಡಬಹುದು. ಪೋಸ್ಟ್‌ಗ್ರೆಸ್ 11ರಿಂದ ಕಚ್ಚಾ ಎಸ್‌ಕ್ಯೂಎಲ್‌ನಲ್ಲಿ 'ರೇಂಜ್' ಫ್ರೇಮಿಗೆ ನೇರವಾಗಿ ಆರು ದಿನದ ಇಂಟರ್ವಲ್ ಕೊಡಬಹುದು, ಆಗ ನಿಜವಾಗಿಯೂ ದಿನವನ್ನೇ ಲೆಕ್ಕ ಹಿಡಿಯುತ್ತದೆ. ಮೊದಲ ಆರು ಸಾಲಿನಲ್ಲಿ ಏಳು ಸಾಲು ಇನ್ನೂ ಆಗಿರುವುದಿಲ್ಲ, ಇದ್ದಷ್ಟಕ್ಕೇ ಸರಾಸರಿ ಬರುತ್ತದೆ. ಗ್ರಾಫ್‌ನಲ್ಲಿ ಆ ಭಾಗ ತೋರಿಸದಿರುವುದೇ ಒಳ್ಳೆಯದು.

ಪ್ರಶ್ನೆ: ನಮೂದಿಗೆ ಟ್ಯಾಗ್‌ಗಳನ್ನು ಸೇರಿಸಿದ ಮೇಲೆ ಶಿಲ್ಕು ಎರಡರಷ್ಟು ಬರುತ್ತಿದೆ.

ಟ್ಯಾಗ್ ಟೇಬಲ್‌ಗೆ ಜಾಯಿನ್ ಆಗಿದೆ. ಎರಡು ಟ್ಯಾಗ್ ಇರುವ ನಮೂದು ಎರಡು ಸಾಲಾಗುತ್ತದೆ, ವಿಂಡೋ ಎರಡನ್ನೂ ಕೂಡಿಸುತ್ತದೆ. 'ಡಿಸ್ಟಿಂಕ್ಟ್' ಹಾಕಿದರೂ ಪ್ರಯೋಜನವಿಲ್ಲ, ಅದು ಓಡುವುದು ವಿಂಡೋ ಲೆಕ್ಕ ಮುಗಿದ ಮೇಲೆ. ಟ್ಯಾಗ್ ತೋರಿಸಲಷ್ಟೇ ಬೇಕಿದ್ದರೆ ಅವನ್ನು ಬೇರೆ ಕ್ವೆರಿಯಲ್ಲಿ ತರುವ 'ಪ್ರಿಫೆಚ್_ರಿಲೇಟೆಡ್' ಬಳಸಿ. ಟ್ಯಾಗ್ ಪ್ರಕಾರ ಸೋಸಬೇಕಿದ್ದರೆ ಜಾಯಿನ್ ಬದಲು 'ಎಕ್ಸಿಸ್ಟ್ಸ್' ಸಬ್‌ಕ್ವೆರಿ ಹಾಕಿ, ಸಾಲುಗಳ ಸಂಖ್ಯೆ ಹೆಚ್ಚುವುದಿಲ್ಲ.

ಪ್ರಶ್ನೆ: ಶಿಲ್ಕಿನ ಕೊನೆಯಲ್ಲಿ ಉದ್ದನೆಯ ದಶಮಾಂಶ ಬರುತ್ತದೆ, ಸೊನ್ನೆ ಆಗಬೇಕಾದಲ್ಲಿ ಸೊನ್ನೆ ಆಗುವುದಿಲ್ಲ.

ಮೊತ್ತದ ಕಾಲಂ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಟ್ಟುಕೊಳ್ಳುವ ಬಗೆ) ಆಗಿದೆ ಅನಿಸುತ್ತದೆ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ರನ್ನಿಂಗ್ ಟೋಟಲ್‌ನಲ್ಲಿ ಈ ಚಿಲ್ಲರೆ ಸಾಲಿಂದ ಸಾಲಿಗೆ ಸಾಗುತ್ತಾ ಹೋಗುತ್ತದೆ. ಹಣಕ್ಕೆ ದಶಮಾಂಶವನ್ನು ನಿಖರವಾಗಿ ಇಟ್ಟುಕೊಳ್ಳುವ ಡೆಸಿಮಲ್ ಬಳಸಿ. ಎಸ್‌ಕ್ಯೂಲೈಟ್‌ನಲ್ಲಿ ಜ್ಯಾಂಗೋದ ಡೆಸಿಮಲ್ ಫೀಲ್ಡ್ ಕೂಡ ಒಳಗೆ ಫ್ಲೋಟ್ ಆಗಿಯೇ ಉಳಿಯುತ್ತದೆ, ಅಲ್ಲಿ ಹಣದ ಅತಿ ಸಣ್ಣ ಘಟಕವನ್ನು ಪೂರ್ಣಾಂಕವಾಗಿ ಇಟ್ಟುಕೊಳ್ಳುವುದೇ ಕ್ಷೇಮ. ಮೊತ್ತ ಖಾಲಿ, ಅಂದರೆ ನಲ್, ಇರುವ ಸಾಲುಗಳಿದ್ದರೆ 'ಸಮ್' ಒಳಗೇ 'ಕೊಎಲೆಸ್' ಹಾಕಿ ಸೊನ್ನೆ ಮಾಡಿ. ಇಲ್ಲದಿದ್ದರೆ ಮೊದಲ ಸಾಲುಗಳೇ ಖಾಲಿಯಾಗಿದ್ದಾಗ ಶಿಲ್ಕೂ ಖಾಲಿ ಬರುತ್ತದೆ.

ಪ್ರಶ್ನೆ: ಒಟ್ಟು ಒಂದು ಮಿತಿ ಮುಟ್ಟುವವರೆಗಿನ ಸಾಲುಗಳು ಮಾತ್ರ ಬೇಕು. ಶಿಲ್ಕಿನ ಮೇಲೆ ಫಿಲ್ಟರ್ ಹಾಕಿದರೆ ಜ್ಯಾಂಗೋ ಬೇಡ ಅನ್ನುತ್ತದೆ.

ಹಳೆಯ ಆವೃತ್ತಿ ಇರಬೇಕು. ವಿಂಡೋ ಲೆಕ್ಕದ ಮೇಲೆ ಫಿಲ್ಟರ್ ಹಾಕುವುದು 2023ರ 4.2ರಿಂದ ಸಾಧ್ಯವಾಗಿದೆ. 'ವೇರ್' ಹಂತದಲ್ಲಿ ಶಿಲ್ಕು ಇನ್ನೂ ಹುಟ್ಟಿರುವುದಿಲ್ಲ, ಹಾಗಾಗಿ ಜ್ಯಾಂಗೋ ನಿಮ್ಮ ಕ್ವೆರಿಯನ್ನು ಒಳಗಿಟ್ಟು ಹೊರಗೆ ಇನ್ನೊಂದು ಸುತ್ತುತ್ತದೆ. ಆವೃತ್ತಿ ಏರಿಸಲು ಆಗದಿದ್ದರೆ ಅದೇ ಸುತ್ತನ್ನು ಕಚ್ಚಾ ಎಸ್‌ಕ್ಯೂಎಲ್‌ನಲ್ಲಿ ನೀವೇ ಬರೆಯಿರಿ.

ಈಗ ಮಿತಿಯ ಅಂಚನ್ನು ಸರಿಯಾಗಿ ನೋಡಿ. ಮೊತ್ತಗಳು 400, 400, 400, ಮಿತಿ 1000 ಅಂದುಕೊಳ್ಳಿ. ಶಿಲ್ಕು 400, 800, 1200. 'ಶಿಲ್ಕು 1000ಕ್ಕಿಂತ ಹೆಚ್ಚಿಲ್ಲ' ಅಂದರೆ ಎರಡು ಸಾಲು ಬರುತ್ತವೆ, 1000 ತುಂಬುವುದೇ ಇಲ್ಲ. ಮಿತಿಯನ್ನು ದಾಟಿಸುವ ಸಾಲೂ ಬೇಕಿದ್ದರೆ 'ಶಿಲ್ಕು ಕಳೆ ಈ ಸಾಲಿನ ಮೊತ್ತ, 1000ಕ್ಕಿಂತ ಕಡಿಮೆ' ಅಂತ ಕೇಳಿ. ಮೂರನೇ ಸಾಲಿಗೆ 1200ರಲ್ಲಿ 400 ಕಳೆದರೆ 800, ಅದು ಒಳಗೆ ಬರುತ್ತದೆ. ದಾಸ್ತಾನು ಹಂಚುವ ಕೆಲಸವಾದರೆ ಬೇಕಾಗುವುದು ಎರಡನೆಯದೇ, ಖರ್ಚಿನ ಮಿತಿ ಕಾಯುವ ಕೆಲಸವಾದರೆ ಮೊದಲನೆಯದು.

ನಿಮ್ಮ ಮೊತ್ತಗಳಲ್ಲಿ ಋಣ ಸಂಖ್ಯೆ ಇದ್ದರೆ ಈ ಎರಡೂ ಸಾಲದು. ಶಿಲ್ಕು 1200ಕ್ಕೆ ಏರಿ ಆಮೇಲೆ 900ಕ್ಕೆ ಇಳಿದರೆ, ಇಳಿದ ಸಾಲು ಮತ್ತೆ ಫಿಲ್ಟರ್ ದಾಟಿ ಒಳಗೆ ಬಂದುಬಿಡುತ್ತದೆ. ಆಗ ಮೊದಲು ಮಿತಿ ದಾಟಿದ ಸಾಲು ಯಾವುದು ಅಂತ ಒಂದು ಕ್ವೆರಿಯಲ್ಲಿ ಹುಡುಕಿ, ಅದರ ದಿನಾಂಕ ಮತ್ತು ಐಡಿ ಹಿಡಿದುಕೊಂಡು, ಅದಕ್ಕಿಂತ ಹಿಂದಿನ ಸಾಲುಗಳನ್ನು ಎರಡನೇ ಕ್ವೆರಿಯಲ್ಲಿ ತರಿಸಿ. ಹಿಂದಿನದು ಅಂದಾಗ ಎರಡನ್ನೂ ನೋಡಬೇಕು: ದಿನಾಂಕ ಹಿಂದಿನದಾಗಿರಬೇಕು, ಅಥವಾ ದಿನಾಂಕ ಅದೇ ಆಗಿದ್ದು ಐಡಿ ಚಿಕ್ಕದಾಗಿರಬೇಕು.